ಇನ್‌ಹೆರಿಟ್ ಮಾಡಿದ ಯುಐ ಕಂಟ್ರೋಲ್‌ಗಳಿಗೆ ಲೈಸೆನ್ಸ್ ಚೆಕ್: ಸಮಗ್ರ ಮಾರ್ಗದರ್ಶಿ

ನೀವು ಒಂದು ಗ್ರಿಡ್ ಕಂಟ್ರೋಲ್ (ಡೇಟಾವನ್ನು ಕೋಷ್ಟಕವಾಗಿ ತೋರಿಸುವ ಪರದೆಯ ಭಾಗ) ಬರೆದಿದ್ದೀರಿ. ಅದಕ್ಕೆ ಲೈಸೆನ್ಸ್ ಚೆಕ್ ಕೂಡ ಹಾಕಿದ್ದೀರಿ. ಲೈಸೆನ್ಸ್ ಇಲ್ಲದ ಮೆಷಿನ್‌ನಲ್ಲಿ ಫಾರ್ಮ್ ಮೇಲೆ ಎಳೆದು ಹಾಕಿದರೆ ಎಕ್ಸೆಪ್ಶನ್ ಬರುತ್ತದೆ. ಸರಿ, ಕೆಲಸ ಆಯಿತು ಅಂದುಕೊಳ್ಳುತ್ತೀರಿ. ಆಮೇಲೆ ಯಾರೋ ಒಬ್ಬರು ಆ ಗ್ರಿಡ್‌ನಿಂದ ಇನ್ನೊಂದು ಕ್ಲಾಸ್ ಇನ್‌ಹೆರಿಟ್ ಮಾಡುತ್ತಾರೆ, ಅಂದರೆ ಗ್ರಿಡ್‌ನ ಕೋಡನ್ನೆಲ್ಲ ಪಡೆಯುವ ಮಗುವಿನ ಕ್ಲಾಸ್ ಮಾಡುತ್ತಾರೆ. ಒಳಗೆ ಒಂದು ಸಾಲೂ ಕೋಡ್ ಇಲ್ಲ, ಖಾಲಿ ಕ್ಲಾಸ್. ಅದನ್ನು ಓಡಿಸಿದರೆ ನಿಮ್ಮ ಚೆಕ್ ತುಟಿ ಪಿಟಕ್ ಅನ್ನುವುದಿಲ್ಲ. ಗ್ರಿಡ್ ಆರಾಮಾಗಿ ತೆರೆದುಕೊಳ್ಳುತ್ತದೆ.

ಇದರ ಉಲ್ಟಾ ಕಥೆಯೂ ಇದೆ. ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡ ತಂಡ ಕಂಟ್ರೋಲನ್ನು ಇನ್‌ಹೆರಿಟ್ ಮಾಡಿ ತನ್ನ ಆ್ಯಪ್ ಕಟ್ಟುತ್ತದೆ. ಡೆವಲಪರ್ ಮೆಷಿನ್‌ನಲ್ಲಿ ಎಲ್ಲ ಚೆನ್ನ. ಗ್ರಾಹಕರ ಮೆಷಿನ್‌ನಲ್ಲಿ ಮಾತ್ರ ಲೈಸೆನ್ಸ್ ಎಕ್ಸೆಪ್ಶನ್.

ಎರಡಕ್ಕೂ ಬೇರು ಒಂದೇ: ಲೈಸೆನ್ಸ್ ಕೇಳುವಾಗ ಯಾವ ಟೈಪ್‌ನ ಹೆಸರಲ್ಲಿ ಕೇಳುತ್ತಿದ್ದೀರಿ ಅನ್ನುವುದು. ಅದನ್ನೇ ಹಿಡಿದು ಹಂತ ಹಂತವಾಗಿ ನೋಡೋಣ. ಉದಾಹರಣೆ ಪೂರ್ತಿ ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್‌ನದ್ದು. ಆದರೆ ಲೈಸೆನ್ಸ್ ಕ್ಲಾಸ್‌ಗಳು ಇರುವುದು ಸಿಸ್ಟಮ್ ಡಾಟ್ ಕಾಂಪೊನೆಂಟ್‌ಮಾಡೆಲ್‌ನಲ್ಲಿ. ಹಾಗಾಗಿ ಡಬ್ಲ್ಯುಪಿಎಫ್ (ಡಾಟ್‌ನೆಟ್‌ನ ಇನ್ನೊಂದು ಯುಐ ವ್ಯವಸ್ಥೆ) ಕಂಟ್ರೋಲ್‌ಗೂ ಬಹುಪಾಲು ಇದೇ ಮಾತು ಹೊಂದುತ್ತದೆ.

ಮೊದಲು ಪಾತ್ರಧಾರಿಗಳ ಪರಿಚಯ

ಮೂರು ಜನ ಇದ್ದಾರೆ. ಲೈಸೆನ್ಸ್‌ಪ್ರೊವೈಡರ್ ಆಟ್ರಿಬ್ಯೂಟ್ (ಕೋಡ್‌ಗೆ ಅಂಟಿಸುವ ಗುರುತಿನ ಚೀಟಿ) ಕ್ಲಾಸ್‌ನ ತಲೆ ಮೇಲೆ ಕೂತು "ನನ್ನ ಲೈಸೆನ್ಸ್ ನೋಡಿಕೊಳ್ಳುವವರು ಇವರು" ಅಂತ ಹೇಳುತ್ತದೆ. ಪ್ರೊವೈಡರ್ ಕ್ಲಾಸ್ ನಿಜವಾಗಿ ಕೀ (ಲೈಸೆನ್ಸ್ ಇದೆ ಅಂತ ತೋರಿಸುವ ಪಠ್ಯ) ಹುಡುಕಿ, ಸರಿಯಾಗಿದ್ದರೆ ಲೈಸೆನ್ಸ್ ಆಬ್ಜೆಕ್ಟ್ ಕೊಡುತ್ತದೆ. ಲೈಸೆನ್ಸ್‌ಮ್ಯಾನೇಜರ್ ನಡುವೆ ನಿಂತು ಆಟ್ರಿಬ್ಯೂಟ್ ಓದಿ ಪ್ರೊವೈಡರನ್ನು ಕರೆಯುತ್ತದೆ. ಇವರ ಜೊತೆ ಕಾಂಟೆಕ್ಸ್ಟ್ ಅಂತ ಒಂದಿದೆ: ಈಗ ಡಿಸೈನ್ ಸಮಯವೋ (ಡೆವಲಪರ್ ಫಾರ್ಮ್ ಕಟ್ಟುತ್ತಿರುವುದು) ರನ್‌ಟೈಮೋ (ಆ್ಯಪ್ ಓಡುತ್ತಿರುವುದು) ಅನ್ನುವುದು, ಉಳಿಸಿಟ್ಟ ಕೀ ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತು.

ನೆನಪಿಡಬೇಕಾದ ಒಂದು ಸಂಗತಿ: ಈ ಆಟ್ರಿಬ್ಯೂಟ್ ಇನ್‌ಹೆರಿಟ್ ಆಗುವುದಿಲ್ಲ. ಡಾಟ್‌ನೆಟ್‌ನಲ್ಲಿ ಎಷ್ಟೋ ಆಟ್ರಿಬ್ಯೂಟ್‌ಗಳು ಮಗುವಿನ ಕ್ಲಾಸ್‌ಗೆ ತಾನಾಗೇ ಬರುತ್ತವೆ. ಇದು ಬರುವುದಿಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಮುಂದಿನ ಗೊಂದಲಗಳಲ್ಲಿ ಮುಕ್ಕಾಲು ಭಾಗ ಇಲ್ಲಿಂದಲೇ ಶುರು.

ಹಂತ 1: ಬೇಸ್ ಕ್ಲಾಸ್‌ನಲ್ಲಿ ಚೆಕ್ ಹಾಕುವುದು

ನಮ್ಮ ಬೇಸ್ ಕಂಟ್ರೋಲ್‌ಗೆ ಬೇಸ್‌ಗ್ರಿಡ್ ಅಂತ ಹೆಸರಿಡೋಣ. ಮಾಡಬೇಕಾದದ್ದು ನಾಲ್ಕು ಕೆಲಸ.

ಕ್ಲಾಸ್ ಮೇಲೆ ಲೈಸೆನ್ಸ್‌ಪ್ರೊವೈಡರ್ ಆಟ್ರಿಬ್ಯೂಟ್ ಹಾಕಿ. ಕ್ಲಾಸ್ ಒಳಗೆ ಲೈಸೆನ್ಸ್ ಟೈಪ್‌ನ ಒಂದು ಪ್ರೈವೇಟ್ ಫೀಲ್ಡ್ ಇಡಿ. ಕನ್‌ಸ್ಟ್ರಕ್ಟರ್‌ನ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್) ಮೊದಲ ಸಾಲಿನಲ್ಲೇ ಲೈಸೆನ್ಸ್‌ಮ್ಯಾನೇಜರ್‌ನ ವ್ಯಾಲಿಡೇಟ್ ಮೆಥಡ್ ಕರೆದು, ಬಂದದ್ದನ್ನು ಆ ಫೀಲ್ಡ್‌ನಲ್ಲಿ ಇಟ್ಟುಕೊಳ್ಳಿ. ಕೊನೆಗೆ ಡಿಸ್ಪೋಸ್ ಮೆಥಡ್‌ನಲ್ಲಿ ಫೀಲ್ಡ್ ಖಾಲಿ ಇಲ್ಲದಿದ್ದರೆ ಲೈಸೆನ್ಸನ್ನೂ ಡಿಸ್ಪೋಸ್ ಮಾಡಿ.

ವ್ಯಾಲಿಡೇಟ್‌ಗೆ ಎರಡು ಆರ್ಗ್ಯುಮೆಂಟ್ ಕೊಡಬೇಕು: ಟೈಪ್ ಮತ್ತು ಇನ್‌ಸ್ಟನ್ಸ್. ಇನ್‌ಸ್ಟನ್ಸ್ ಜಾಗಕ್ಕೆ ದಿಸ್, ಅಂದರೆ ಈಗ ಹುಟ್ಟುತ್ತಿರುವ ಆಬ್ಜೆಕ್ಟ್. ಟೈಪ್ ಜಾಗಕ್ಕೆ ಟೈಪ್‌ಆಫ್ ಬೇಸ್‌ಗ್ರಿಡ್ ಅಂತಲೇ ಬರೆಯಿರಿ. ಅಲ್ಲಿ ದಿಸ್ ಡಾಟ್ ಗೆಟ್‌ಟೈಪ್ ಬರೆಯಬೇಡಿ.

ಗೆಟ್‌ಟೈಪ್ ಬರೆಯಲು ಕೈ ತುರಿಸುತ್ತದೆ, ನಿಜ. ಕಾಪಿ ಮಾಡಲು ಸುಲಭ, ಕ್ಲಾಸ್ ಹೆಸರು ಬದಲಾದರೂ ತೊಂದರೆ ಇಲ್ಲ. ಕೋಡ್ ರಿವ್ಯೂನಲ್ಲಿ ಯಾರಾದರೂ "ಇದೇ ಚೆನ್ನಾಗಿದೆ" ಅಂತ ಹೇಳಿಬಿಡುತ್ತಾರೆ ಕೂಡ. ಬೇಸ್‌ಗ್ರಿಡ್ಡನ್ನು ನೇರವಾಗಿ ಬಳಸುವಾಗ ಎರಡೂ ಒಂದೇ ಫಲ ಕೊಡುತ್ತವೆ. ವ್ಯತ್ಯಾಸ ಗೊತ್ತಾಗುವುದು ಇನ್‌ಹೆರಿಟ್ ಮಾಡಿದಾಗ.

ಹಂತ 2: ಒಳಗೆ ಏನಾಗುತ್ತದೆ ಅಂತ ಅರ್ಥ ಮಾಡಿಕೊಳ್ಳುವುದು

ಆರ್ಡರ್‌ಗ್ರಿಡ್ ಅಂತ ಒಂದು ಕ್ಲಾಸ್ ಬೇಸ್‌ಗ್ರಿಡ್‌ನಿಂದ ಇನ್‌ಹೆರಿಟ್ ಆಗಿದೆ ಅಂದುಕೊಳ್ಳಿ. ಅದರ ಮೇಲೆ ಯಾವ ಆಟ್ರಿಬ್ಯೂಟೂ ಇಲ್ಲ. ಹೊಸ ಆರ್ಡರ್‌ಗ್ರಿಡ್ ಮಾಡಿದಾಗ ಬೇಸ್‌ಗ್ರಿಡ್‌ನ ಕನ್‌ಸ್ಟ್ರಕ್ಟರ್ ಓಡಲೇಬೇಕು. ಅಲ್ಲಿ ನೀವು ಗೆಟ್‌ಟೈಪ್ ಬರೆದಿದ್ದರೆ ಸಿಗುವುದು ಆರ್ಡರ್‌ಗ್ರಿಡ್. ಲೈಸೆನ್ಸ್‌ಮ್ಯಾನೇಜರ್ ಆರ್ಡರ್‌ಗ್ರಿಡ್ ಮೇಲೆ ಮಾತ್ರ ಆಟ್ರಿಬ್ಯೂಟ್ ಹುಡುಕುತ್ತದೆ. ಸಿಗುವುದಿಲ್ಲ. ಸಿಗದಿದ್ದರೆ ಅದರ ಲೆಕ್ಕದಲ್ಲಿ "ಈ ಕ್ಲಾಸ್‌ಗೆ ಲೈಸೆನ್ಸ್ ಬೇಕಿಲ್ಲ" ಅಂತ ಅರ್ಥ. ಚೆಕ್ ಪಾಸ್ ಆಗುತ್ತದೆ. ವಾಪಸ್ ಬರುವ ಲೈಸೆನ್ಸ್ ನಲ್. ಎಕ್ಸೆಪ್ಶನ್ ಇಲ್ಲ, ವಾರ್ನಿಂಗ್ ಇಲ್ಲ.

ಟೈಪ್‌ಆಫ್ ಬೇಸ್‌ಗ್ರಿಡ್ ಅಂತ ಬರೆದಿದ್ದರೆ ಹುಡುಕಾಟ ಬೇಸ್‌ಗ್ರಿಡ್ ಮೇಲೆಯೇ ನಡೆಯುತ್ತದೆ. ಆರ್ಡರ್‌ಗ್ರಿಡ್ ಆಗಲಿ, ಅದರ ಮೊಮ್ಮಗ ಕ್ಲಾಸ್ ಆಗಲಿ, ಯಾವುದೂ ತಪ್ಪಿಸಿಕೊಳ್ಳುವುದಿಲ್ಲ.

ಇನ್ನೂ ಒಂದು ತೂತು ಇದೆ. ಗೆಟ್‌ಟೈಪ್ ಇದ್ದಾಗ ಯಾರಾದರೂ ಆರ್ಡರ್‌ಗ್ರಿಡ್ ಮೇಲೆ ತಮ್ಮದೇ ಪ್ರೊವೈಡರ್ ಹಾಕಬಹುದು. ಯಾವಾಗಲೂ "ಸರಿ" ಅನ್ನುವ ಹತ್ತು ಸಾಲಿನ ಪ್ರೊವೈಡರ್. ಆಗ ನಿಮ್ಮ ಕಂಟ್ರೋಲ್‌ನ ಲೈಸೆನ್ಸನ್ನು ಅವರ ಕೋಡೇ ಮಂಜೂರು ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ವ್ಯಾಲಿಡೇಟ್‌ಗೆ ಇನ್‌ಸ್ಟನ್ಸ್ ಕೊಡದೆ ಟೈಪ್ ಮಾತ್ರ ಕೊಟ್ಟರೆ ನಡವಳಿಕೆ ಬದಲಾಗುತ್ತದೆ. ಆಗ ಲೈಸೆನ್ಸ್‌ಮ್ಯಾನೇಜರ್ ಆ ಟೈಪಿನಿಂದ ಶುರುಮಾಡಿ, ಬೇಸ್, ಅದರ ಬೇಸ್, ಹೀಗೆ ಮೇಲಿನ ತನಕ ಹತ್ತಿ ಪ್ರತಿ ಹಂತದಲ್ಲೂ ಚೆಕ್ ಮಾಡುತ್ತದೆ. ಒಂದು ಕಡೆ ಫೇಲ್ ಆದರೂ ಒಟ್ಟು ಫೇಲ್. ಈಸ್‌ಲೈಸೆನ್ಸ್ಡ್ ಮೆಥಡ್ ಮಾಡುವುದೂ ಇದನ್ನೇ. ಆದರೆ ಈ ದಾರಿಯಲ್ಲಿ ಲೈಸೆನ್ಸ್ ಆಬ್ಜೆಕ್ಟ್ ನಿಮ್ಮ ಕೈಗೆ ಬರುವುದಿಲ್ಲ, ಯಾಕೆಂದರೆ ಅದು ಒಂದಕ್ಕಿಂತ ಜಾಸ್ತಿ ಪ್ರೊವೈಡರ್‌ಗಳಿಂದ ಬಂದಿರಬಹುದು. ಇನ್‌ಸ್ಟನ್ಸ್ ಕೊಟ್ಟರೆ ಒಂದೇ ಹಂತ, ಕೊಡದಿದ್ದರೆ ಪೂರ್ತಿ ಏಣಿ. ಒಂದೇ ಹೆಸರಿನ ಮೆಥಡ್ ಹೀಗೆ ಎರಡು ಥರ ನಡೆದುಕೊಳ್ಳುವುದು ನನಗೆ ಅಷ್ಟೇನೂ ಇಷ್ಟವಿಲ್ಲ. ಆದರೆ ಇರುವುದು ಹಾಗೇ.

ಹಂತ 3: ಮಗುವಿನ ಕ್ಲಾಸ್ ತಪ್ಪಿಸಿಕೊಳ್ಳುವ ದಾರಿಗಳನ್ನು ಮುಚ್ಚುವುದು

ಚೆಕ್ಕನ್ನು ಬೇರೆ ಮೆಥಡ್‌ಗೆ ತಗೊಂಡು ಹೋದರೆ ಅದು ಪ್ರೈವೇಟ್ ಆಗಿರಲಿ. ಪ್ರೊಟೆಕ್ಟೆಡ್ ವರ್ಚುವಲ್ ಮಾಡಿದರೆ, ಮಗುವಿನ ಕ್ಲಾಸ್ ಅದನ್ನು ಓವರ್‌ರೈಡ್ ಮಾಡಿ (ತನ್ನ ಕೋಡ್‌ನಿಂದ ಬದಲಿಸಿ) ಖಾಲಿ ಬಿಟ್ಟರೆ ಮುಗಿಯಿತು ಅಲ್ವಾ.

ಆನ್‌ಹ್ಯಾಂಡಲ್‌ಕ್ರಿಯೇಟೆಡ್, ಆನ್‌ಲೋಡ್ ಥರದ ಮೆಥಡ್‌ಗಳಲ್ಲಿ ಚೆಕ್ ಇಡಬೇಡಿ. ಅವನ್ನೂ ಓವರ್‌ರೈಡ್ ಮಾಡಿ ಬೇಸ್ ಕರೆಯದೆ ಬಿಡಬಹುದು. ಕಳ್ಳತನದ ಉದ್ದೇಶ ಇಲ್ಲದವರೂ ಬೇಸ್ ಕರೆಯಲು ಮರೆಯುತ್ತಾರೆ. ಕನ್‌ಸ್ಟ್ರಕ್ಟರ್ ಹಾಗಲ್ಲ. ಮಗುವಿನ ಕ್ಲಾಸ್ ಬೇಸ್ ಕನ್‌ಸ್ಟ್ರಕ್ಟರ್‌ಗಳಲ್ಲಿ ಒಂದನ್ನು ಕರೆಯಲೇಬೇಕು, ಸಿ ಶಾರ್ಪ್ ಬಿಡುವುದಿಲ್ಲ.

ಆದರೆ "ಒಂದನ್ನು" ಅನ್ನುವುದು ಗಮನಿಸಿ. ಬೇಸ್‌ಗ್ರಿಡ್‌ಗೆ ಮೂರು ಕನ್‌ಸ್ಟ್ರಕ್ಟರ್ ಇದ್ದು ಚೆಕ್ ಒಂದರಲ್ಲಿ ಮಾತ್ರ ಇದ್ದರೆ ಉಳಿದೆರಡು ತೆರೆದ ಬಾಗಿಲು. ಚೆಕ್ ಇರುವ ಕನ್‌ಸ್ಟ್ರಕ್ಟರ್‌ಗೆ ಉಳಿದೆಲ್ಲವೂ ದಿಸ್ ಮೂಲಕ ಹೋಗುವ ಹಾಗೆ ಜೋಡಿಸಿ. ಐಕಂಟೇನರ್ ತಗೊಳ್ಳುವ ಕನ್‌ಸ್ಟ್ರಕ್ಟರನ್ನು ಜನ ಮರೆಯುವುದು ಜಾಸ್ತಿ.

ಇಷ್ಟೆಲ್ಲ ಮಾಡಿದರೂ ಡಿಕಂಪೈಲರ್ (ಡಿಎಲ್‌ಎಲ್‌ನಿಂದ ಕೋಡ್ ವಾಪಸ್ ತೆಗೆಯುವ ಟೂಲ್) ಹಿಡಿದು ಕೂತವರು ನಿಮ್ಮ ಡಿಎಲ್‌ಎಲ್ ಬಿಚ್ಚಿ ಚೆಕ್ ಕಿತ್ತು ಹಾಕಬಹುದು. ಅದನ್ನು ತಡೆಯುವುದು ಈ ವ್ಯವಸ್ಥೆಯ ಕೆಲಸ ಅಲ್ಲ. ಮೂರು ವಾರ ಅದರ ಮೇಲೆ ಕಳೆಯುವ ಬದಲು ಕಂಟ್ರೋಲನ್ನೇ ಚೆನ್ನಾಗಿ ಮಾಡಿ.

ಹಂತ 4: ಮಗುವಿನ ಕ್ಲಾಸ್‌ಗೂ ನೀವೇ ದುಡ್ಡು ಕೇಳುವುದಿದ್ದರೆ

ಹೊರಗಿನವರು ಇನ್‌ಹೆರಿಟ್ ಮಾಡಿದರೆ ಬೇಸ್ ಲೈಸೆನ್ಸ್ ಸಾಕು. ಅದು ಸರಳ. ಆದರೆ ನೀವೇ ಬೇಸ್‌ಗ್ರಿಡ್‌ನಿಂದ ಪ್ರೋಗ್ರಿಡ್ ಅಂತ ದುಬಾರಿ ಆವೃತ್ತಿ ಮಾಡಿ ಬೇರೆಯಾಗಿ ಮಾರುತ್ತಿದ್ದರೆ?

ಪ್ರೋಗ್ರಿಡ್ ಮೇಲೆ ಅದರದ್ದೇ ಆಟ್ರಿಬ್ಯೂಟ್ ಹಾಕಿ, ಅದರ ಕನ್‌ಸ್ಟ್ರಕ್ಟರ್‌ನಲ್ಲಿ ಟೈಪ್‌ಆಫ್ ಪ್ರೋಗ್ರಿಡ್ ಕೊಟ್ಟು ವ್ಯಾಲಿಡೇಟ್ ಮಾಡಿ. ಅಲ್ಲಿಗೆ ಎರಡು ಚೆಕ್ ಆಯಿತು. ಮೊದಲು ಬೇಸ್‌ನದ್ದು ಓಡುತ್ತದೆ, ಆಮೇಲೆ ಪ್ರೋದ್ದು. ಈಗ ಸಮಸ್ಯೆ ಕಾಣಿಸುತ್ತದೆ: ಪ್ರೋ ಕೊಂಡವರ ಹತ್ತಿರ ಬೇಸ್ ಕೀ ಇರುವುದಿಲ್ಲ. ಜಾಸ್ತಿ ದುಡ್ಡು ಕೊಟ್ಟವರಿಗೇ ಎಕ್ಸೆಪ್ಶನ್.

ಪ್ರೊವೈಡರ್‌ನ ಗೆಟ್‌ಲೈಸೆನ್ಸ್ ಮೆಥಡ್‌ಗೆ ಇನ್‌ಸ್ಟನ್ಸ್ ಕೂಡ ಬರುತ್ತದಲ್ಲ, ಅದು ಪ್ರೋಗ್ರಿಡ್ ಹೌದೋ ಅಲ್ಲವೋ ನೋಡಿ ಬಿಟ್ಟುಬಿಡೋಣ ಅಂತ ಮೊದಲು ಅನಿಸುತ್ತದೆ. ಅರ್ಧ ಸರಿ. ಈಸ್‌ಲೈಸೆನ್ಸ್ಡ್ ಕರೆದಾಗ ಇನ್‌ಸ್ಟನ್ಸ್ ನಲ್ ಆಗಿರುತ್ತದೆ. ಏಣಿ ಹತ್ತುತ್ತಾ ಬೇಸ್‌ಗೆ ಬಂದಾಗ, ಕೆಳಗಿದ್ದದ್ದು ಪ್ರೋ ಅಂತ ನಿಮ್ಮ ಪ್ರೊವೈಡರ್‌ಗೆ ತಿಳಿಯುವ ದಾರಿಯೇ ಇಲ್ಲ. ಆಗ ಕಂಟ್ರೋಲ್ ಓಡುತ್ತದೆ, ಈಸ್‌ಲೈಸೆನ್ಸ್ಡ್ ಮಾತ್ರ ಇಲ್ಲ ಅನ್ನುತ್ತದೆ. ಸಪೋರ್ಟ್ ಕರೆಗಳು ಶುರು.

ನನ್ನ ಸಲಹೆ ಇಷ್ಟೇ: ಬೇಸ್ ಪ್ರೊವೈಡರ್ ಎರಡೂ ಕೀ ಒಪ್ಪಲಿ. ಪ್ರೋ ಕೀ ಇದ್ದವರು ಬೇಸ್‌ಗ್ರಿಡ್ಡನ್ನೂ ಬಿಡಿಯಾಗಿ ಬಳಸಬಹುದು ಅಂತಾಗುತ್ತದೆ. ಆಗಲಿ ಬಿಡಿ. ಅದನ್ನು ತಡೆಯಲು ಹೋಗಿ ಕೋಡ್ ಗೋಜಲು ಮಾಡಿಕೊಳ್ಳುವುದು ಲಾಭವಲ್ಲ.

ಹಂತ 5: ಪ್ರೊವೈಡರ್ ಬರೆಯುವುದು

ಡಾಟ್‌ನೆಟ್ ಜೊತೆಗೇ ಲಿಕ್‌ಫೈಲ್ ಲೈಸೆನ್ಸ್‌ಪ್ರೊವೈಡರ್ ಅಂತ ಒಂದು ಸಿದ್ಧ ಕ್ಲಾಸ್ ಬರುತ್ತದೆ. ಡಿಎಲ್‌ಎಲ್ ಇರುವ ಫೋಲ್ಡರ್‌ನಲ್ಲಿ ಕ್ಲಾಸ್‌ನ ಪೂರ್ತಿ ಹೆಸರಿನ ಜೊತೆ ಡಾಟ್ ಲಿಕ್ ಸೇರಿಸಿದ ಫೈಲ್ ಇದೆಯಾ ನೋಡುತ್ತದೆ. ಅದರ ಮೊದಲ ಸಾಲು "ಇಂಥ ಕ್ಲಾಸ್ ಲೈಸೆನ್ಸ್ ಆದ ಕಾಂಪೊನೆಂಟ್" ಅನ್ನುವ ನಿಗದಿತ ಇಂಗ್ಲಿಷ್ ವಾಕ್ಯದಿಂದ ಶುರುವಾದರೆ ಸಾಕು, ಪಾಸ್. ನೋಟ್‌ಪ್ಯಾಡ್ ಇದ್ದವರೆಲ್ಲ ಲೈಸೆನ್ಸ್ ತಯಾರಿಸಬಹುದು! ಕಲಿಯಲು ಚೆನ್ನ, ಮಾರುವ ಕಂಟ್ರೋಲ್‌ಗೆ ಸುಮ್ನೆ ಹಾಗೇ ಬಳಸಬೇಡಿ. ಅದರ ಈಸ್‌ಕೀವ್ಯಾಲಿಡ್ ಮೆಥಡ್ ಓವರ್‌ರೈಡ್ ಮಾಡಿ ಡಿಜಿಟಲ್ ಸಹಿ ಪರೀಕ್ಷಿಸಿ. ಕೀ ಆರ್‌ಎಸ್‌ಎ ಪ್ರೈವೇಟ್ ಕೀಯಿಂದ ಸಹಿ ಆಗಿರಲಿ, ಡಿಎಲ್‌ಎಲ್ ಒಳಗೆ ಪಬ್ಲಿಕ್ ಕೀ ಮಾತ್ರ ಇರಲಿ.

ಇನ್‌ಹೆರಿಟೆನ್ಸ್ ವಿಷಯಕ್ಕೆ ಬಂದರೆ, ಫೈಲ್‌ನ ಹೆಸರು ನೀವು ವ್ಯಾಲಿಡೇಟ್‌ಗೆ ಕೊಟ್ಟ ಟೈಪ್ ಮೇಲೆ ನಿಂತಿದೆ. ಆರ್ಡರ್‌ಗ್ರಿಡ್ ಮೇಲೆ ಯಾರಾದರೂ ಇದೇ ಪ್ರೊವೈಡರ್ ಹಾಕಿ, ಬೇಸ್‌ನಲ್ಲಿ ಗೆಟ್‌ಟೈಪ್ ಇದ್ದರೆ, ಅದು ಆರ್ಡರ್‌ಗ್ರಿಡ್ ಹೆಸರಿನ ಲಿಕ್ ಫೈಲ್ ಹುಡುಕುತ್ತಾ ಕೂರುತ್ತದೆ. ಅಂಥ ಫೈಲನ್ನು ನೀವು ಯಾರಿಗೂ ಕೊಟ್ಟೇ ಇರುವುದಿಲ್ಲ.

ಜೆನೆರಿಕ್ ಕಂಟ್ರೋಲ್ (ಬೇರೆ ಟೈಪನ್ನು ಆರ್ಗ್ಯುಮೆಂಟ್ ಆಗಿ ತಗೊಳ್ಳುವ ಕ್ಲಾಸ್) ಇನ್ನೂ ತಲೆನೋವು. ಜೆನೆರಿಕ್ ಕ್ಲಾಸ್‌ನ ಪೂರ್ತಿ ಹೆಸರಿನಲ್ಲಿ ಬ್ಯಾಕ್‌ಟಿಕ್, ಚೌಕ ಕಂಸ, ಒಳಗಿನ ಟೈಪ್‌ನ ಅಸೆಂಬ್ಲಿ ವಿವರ ಎಲ್ಲ ಸೇರಿರುತ್ತದೆ. ಪ್ರತಿ ಟೈಪ್ ಆರ್ಗ್ಯುಮೆಂಟ್‌ಗೂ ಬೇರೆ ಹೆಸರು. ಹಾಗಾಗಿ ಜೆನೆರಿಕ್ ಅಲ್ಲದ ಒಂದು ಬೇಸ್ ಕ್ಲಾಸ್ ಮಾಡಿ, ಲೈಸೆನ್ಸ್ ಚೆಕ್ ಅಲ್ಲಿಡಿ, ಜೆನೆರಿಕ್ ಕ್ಲಾಸ್ ಅದರಿಂದ ಇನ್‌ಹೆರಿಟ್ ಆಗಲಿ.

ಹಂತ 6: ಕೀ ಆ್ಯಪ್ ಒಳಗೆ ಸೇರಿದೆಯೇ ನೋಡುವುದು

ಲೈಸೆನ್ಸ್ ಕೊಂಡು ಇನ್‌ಹೆರಿಟ್ ಮಾಡುವವರಿಗೆ ಮುಖ್ಯವಾದ ಹಂತ ಇದು. ಡೆವಲಪರ್ ಮೆಷಿನ್‌ನಲ್ಲಿರುವ ಲೈಸೆನ್ಸ್ ಗ್ರಾಹಕರ ಮೆಷಿನ್‌ಗೆ ಹೋಗುವುದಿಲ್ಲ. ಅದರ ಬದಲು ಬಿಲ್ಡ್ ಸಮಯದಲ್ಲಿ ಕೀಯನ್ನು ಎಕ್ಸಿಕ್ಯೂಟಬಲ್ ಒಳಗೆ ರಿಸೋರ್ಸ್ ಆಗಿ ಸೇರಿಸುತ್ತಾರೆ. ಯಾವ ಟೈಪ್‌ಗಳ ಕೀ ಬೇಕು ಅನ್ನುವ ಪಟ್ಟಿ ಲೈಸೆನ್ಸಸ್ ಡಾಟ್ ಲಿಕ್ಸ್ ಫೈಲ್‌ನಲ್ಲಿರುತ್ತದೆ. ಎಲ್‌ಸಿ ಅನ್ನುವ ಟೂಲ್ ಅದನ್ನು ಓದಿ ರಿಸೋರ್ಸ್ ತಯಾರಿಸುತ್ತದೆ.

ಆಟ್ರಿಬ್ಯೂಟ್ ಇರುವ ಕಂಟ್ರೋಲನ್ನು ಫಾರ್ಮ್ ಮೇಲೆ ಎಳೆದು ಹಾಕಿದರೆ ವಿಷುವಲ್ ಸ್ಟುಡಿಯೋ ಲಿಕ್ಸ್ ಫೈಲ್‌ಗೆ ತಾನೇ ಸಾಲು ಸೇರಿಸುತ್ತದೆ. ಆದರೆ ನೀವು ಎಳೆದು ಹಾಕುವುದು ಆರ್ಡರ್‌ಗ್ರಿಡ್. ಅದರ ಮೇಲೆ ಆಟ್ರಿಬ್ಯೂಟ್ ಇಲ್ಲ. ಸಾಲು ಸೇರುವುದಿಲ್ಲ. ಗ್ರಾಹಕರ ಮೆಷಿನ್‌ನಲ್ಲಿ ಬೇಸ್ ಕನ್‌ಸ್ಟ್ರಕ್ಟರ್ ಓಡಿದಾಗ ಕೀ ಸಿಗುವುದಿಲ್ಲ.

ಪರಿಹಾರ: ಲಿಕ್ಸ್ ಫೈಲ್ ತೆರೆದು ಬೇಸ್ ಟೈಪ್‌ನ ಸಾಲನ್ನು ಕೈಯಿಂದ ಸೇರಿಸಿ. ಕ್ಲಾಸ್‌ನ ಪೂರ್ತಿ ಹೆಸರು, ಅಲ್ಪವಿರಾಮ, ಅಸೆಂಬ್ಲಿ ಹೆಸರು. ವಿಷುವಲ್ ಸ್ಟುಡಿಯೋ ಬರೆಯುವಾಗ ವರ್ಷನ್ ಮತ್ತು ಪಬ್ಲಿಕ್ ಕೀ ಟೋಕನ್ ಕೂಡ ಸೇರಿಸುತ್ತದೆ. ಹಳೆಯ ವರ್ಷನ್‌ನ ಸಾಲು ಉಳಿದುಕೊಂಡರೆ ಎಲ್‌ಸಿ ಟೂಲ್ ಮೈನಸ್ ಒಂದು ಕೋಡ್ ಕೊಟ್ಟು ಬಿದ್ದುಹೋಗುವುದು ಸಾಮಾನ್ಯ. ಆ ಎರರ್ ಕಂಡರೆ ಮೊದಲು ಲಿಕ್ಸ್ ಫೈಲ್ ತೆರೆದು ಹಳೆಯ ಸಾಲು ತೆಗೆಯಿರಿ.

ಇನ್ನು ಲಿಕ್ಸ್ ಫೈಲ್ ಯಾವ ಪ್ರಾಜೆಕ್ಟ್‌ನಲ್ಲಿರಬೇಕು? ಎಕ್ಸಿಕ್ಯೂಟಬಲ್ ಪ್ರಾಜೆಕ್ಟ್‌ನಲ್ಲಿ. ಆರ್ಡರ್‌ಗ್ರಿಡ್ ಇರುವುದು ಬೇರೆ ಡಿಎಲ್‌ಎಲ್‌ನಲ್ಲಾದರೆ ಫೈಲನ್ನೂ ಅಲ್ಲೇ ಇಡಲು ಮನಸ್ಸಾಗುತ್ತದೆ. ಕೆಲಸ ಮಾಡುವುದಿಲ್ಲ. ರನ್‌ಟೈಮ್ ಕಾಂಟೆಕ್ಸ್ಟ್ ಸಾಮಾನ್ಯವಾಗಿ ಕೀ ಹುಡುಕುವುದು ಎಂಟ್ರಿ ಅಸೆಂಬ್ಲಿಯಲ್ಲಿ, ಅಂದರೆ ಆ್ಯಪ್ ಶುರುವಾದ ಎಕ್ಸಿಕ್ಯೂಟಬಲ್‌ನಲ್ಲಿ. ಇದೇ ಕಾರಣಕ್ಕೆ ಯುನಿಟ್ ಟೆಸ್ಟ್‌ಗಳಲ್ಲಿ ಲೈಸೆನ್ಸ್ ಎಕ್ಸೆಪ್ಶನ್ ಬರುತ್ತದೆ. ಅಲ್ಲಿ ಎಂಟ್ರಿ ಅಸೆಂಬ್ಲಿ ಟೆಸ್ಟ್ ರನ್ನರ್, ನಿಮ್ಮ ಆ್ಯಪ್ ಅಲ್ಲ.

ಉಳಿಸಿದ ಕೀಗಳ ಪಟ್ಟಿಯಲ್ಲಿ ಟೈಪ್‌ನ ಹೆಸರು ಅಸೆಂಬ್ಲಿ ವರ್ಷನ್ ಸಮೇತ ಇರುತ್ತದೆ. ಆ್ಯಪನ್ನು ಮತ್ತೆ ಬಿಲ್ಡ್ ಮಾಡದೆ ಬೇರೆ ಅಸೆಂಬ್ಲಿ ವರ್ಷನ್‌ನ ಕಂಟ್ರೋಲ್ ಡಿಎಲ್‌ಎಲ್ ಹಾಕಿ, ಬೈಂಡಿಂಗ್ ರಿಡೈರೆಕ್ಟ್ (ಹಳೆಯ ವರ್ಷನ್ ಬದಲು ಹೊಸದನ್ನು ಬಳಸು ಅನ್ನುವ ಸೂಚನೆ) ಮಾಡಿದರೆ ಹೆಸರು ತಾಳೆಯಾಗುವುದಿಲ್ಲ. ಕೀ ಅಲ್ಲೇ ಇದ್ದರೂ ಸಿಗುವುದಿಲ್ಲ.

ಎಲ್‌ಸಿ ಟೂಲ್ ಬರುವುದು ಡಾಟ್‌ನೆಟ್ ಫ್ರೇಮ್‌ವರ್ಕ್ ಎಸ್‌ಡಿಕೆ ಜೊತೆ. ಹಾಗಾಗಿ ಡಾಟ್‌ನೆಟ್ ಬಿಲ್ಡ್ ಕಮಾಂಡ್ ಮೇಲೆ ನಿಂತ ಬಿಲ್ಡ್ ಸರ್ವರ್‌ನಲ್ಲಿ ಲಿಕ್ಸ್ ಫೈಲ್ ಕೈಕೊಡುತ್ತದೆ. ವಿಷುವಲ್ ಸ್ಟುಡಿಯೋ ಜೊತೆಗಿನ ಎಂಎಸ್‌ಬಿಲ್ಡ್ ಬಳಸಿ. ಹೊಸ ಕಂಟ್ರೋಲ್ ಬರೆಯುತ್ತಿದ್ದರೆ ಲಿಕ್ಸ್ ಸಹವಾಸವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಂಟ್ರೋಲ್ ಮಾರುವ ಕಂಪನಿ ಸಿಂಕ್‌ಫ್ಯೂಷನ್ ಮಾಡಿರುವ ಹಾಗೆ, ಆ್ಯಪ್ ಶುರುವಾಗುವಾಗ ಒಂದು ಸಾಲು ಕೋಡ್‌ನಲ್ಲಿ ಕೀ ನೋಂದಾಯಿಸುವ ದಾರಿ ಕೊಡಿ. ಇನ್‌ಹೆರಿಟೆನ್ಸ್ ಎಷ್ಟು ಆಳವಿದ್ದರೂ ಆ ಸಾಲು ಬದಲಾಗುವುದಿಲ್ಲ.

ಹಂತ 7: ಡಿಸೈನ್ ಸಮಯ ಗುರುತಿಸುವುದು

ಕನ್‌ಸ್ಟ್ರಕ್ಟರ್‌ನಲ್ಲಿ ಡಿಸೈನ್‌ಮೋಡ್ ಪ್ರಾಪರ್ಟಿ ನಂಬಬೇಡಿ. ಅದು ಸೈಟ್ (ಡಿಸೈನರ್ ಕಂಟ್ರೋಲ್‌ಗೆ ಕೊಡುವ ಕೊಂಡಿ) ಮೇಲೆ ನಿಂತಿದೆ, ಕನ್‌ಸ್ಟ್ರಕ್ಟರ್ ಓಡುವಾಗ ಸೈಟ್ ಇನ್ನೂ ಬಂದಿರುವುದಿಲ್ಲ. ಲೈಸೆನ್ಸ್‌ಮ್ಯಾನೇಜರ್‌ನ ಯೂಸೇಜ್‌ಮೋಡ್ ನೋಡಿ. ಇದು ಉಲ್ಟಾ: ಕನ್‌ಸ್ಟ್ರಕ್ಟರ್‌ನಲ್ಲಿ ಸರಿ ಹೇಳುತ್ತದೆ, ಆಮೇಲೆ ಕೇಳಿದರೆ ಡಿಸೈನರ್ ಒಳಗಿದ್ದರೂ ರನ್‌ಟೈಮ್ ಅನ್ನಬಹುದು. ಕನ್‌ಸ್ಟ್ರಕ್ಟರ್‌ನಲ್ಲೇ ಓದಿ ಫೀಲ್ಡ್‌ನಲ್ಲಿ ಇಟ್ಟುಕೊಳ್ಳಿ.

ಹಂತ 8: ಟ್ರಯಲ್ ತೋರಿಸುವುದಿದ್ದರೆ

ಎಕ್ಸೆಪ್ಶನ್ ಎಸೆದರೆ ಗ್ರಾಹಕರ ಡಿಸೈನರ್‌ನಲ್ಲಿ ಫಾರ್ಮ್ ಬದಲು ಎರರ್ ಪುಟ ಕಾಣುತ್ತದೆ. ಟ್ರಯಲ್‌ಗೆ ಬಂದವರನ್ನು ಹೀಗೆ ಸ್ವಾಗತಿಸುವುದು ಚೆನ್ನಲ್ಲ. ವ್ಯಾಲಿಡೇಟ್ ಬದಲು ಈಸ್‌ವ್ಯಾಲಿಡ್ ಬಳಸಿ. ಅದು ಎಸೆಯುವುದಿಲ್ಲ, ಹೌದು ಅಥವಾ ಇಲ್ಲ ಅನ್ನುತ್ತದೆ. ಇಲ್ಲ ಅಂದರೆ ಗ್ರಿಡ್ ಮೇಲೆ ಟ್ರಯಲ್ ಅಂತ ಬರೆದು ತೋರಿಸಿ.

ಇಲ್ಲೂ ಇನ್‌ಹೆರಿಟೆನ್ಸ್ ಅಡ್ಡ ಬರುತ್ತದೆ. ಆನ್‌ಪೇಂಟ್‌ನಲ್ಲಿ ಬರೆದರೆ ಆರ್ಡರ್‌ಗ್ರಿಡ್ ಅದನ್ನು ಓವರ್‌ರೈಡ್ ಮಾಡಿ ಅಳಿಸಬಹುದು. ಹಾಗಾಗಿ ಬೇಸ್‌ಗ್ರಿಡ್‌ನಲ್ಲಿ ಆನ್‌ಪೇಂಟನ್ನು ಸೀಲ್ಡ್ ಓವರ್‌ರೈಡ್ ಮಾಡಿ, ಆಗ ಮಗುವಿನ ಕ್ಲಾಸ್ ಅದನ್ನು ಮತ್ತೆ ಓವರ್‌ರೈಡ್ ಮಾಡಲಾಗದು. ಅದರೊಳಗಿಂದ ಡ್ರಾಕಂಟೆಂಟ್ ಅಂತ ನಿಮ್ಮದೇ ವರ್ಚುವಲ್ ಮೆಥಡ್ ಕರೆದು, ಅದು ಮುಗಿದ ಮೇಲೆ ಟ್ರಯಲ್ ಬರಹ ಬಿಡಿಸಿ. ಮಗುವಿನ ಕ್ಲಾಸ್ ತನ್ನ ಚಿತ್ರ ಬರೆಯಲು ಡ್ರಾಕಂಟೆಂಟ್ ಓವರ್‌ರೈಡ್ ಮಾಡಿಕೊಳ್ಳಲಿ. ಒಂದೇ ಎಚ್ಚರ: ಈಗಾಗಲೇ ಬಿಡುಗಡೆಯಾದ ಕಂಟ್ರೋಲ್‌ನಲ್ಲಿ ಆನ್‌ಪೇಂಟ್ ಸೀಲ್ ಮಾಡಿದರೆ ಅದನ್ನು ಓವರ್‌ರೈಡ್ ಮಾಡಿದ ಗ್ರಾಹಕರ ಕೋಡ್ ಕಂಪೈಲ್ ಆಗುವುದಿಲ್ಲ.

ಹಂತ 9: ಕಾಗದದ ಮೇಲಿನ ಲೈಸೆನ್ಸ್

ಕೋಡ್ ಒಪ್ಪಿದರೂ ಒಪ್ಪಂದ ಒಪ್ಪಬೇಕು. ಕೊಂಡ ಕಂಟ್ರೋಲನ್ನು ಇನ್‌ಹೆರಿಟ್ ಮಾಡುವ ಮುಂಚೆ ಮೂರು ಪ್ರಶ್ನೆ ನೋಡಿ: ಲೈಸೆನ್ಸ್ ಡೆವಲಪರ್ ಲೆಕ್ಕದಲ್ಲೋ? ಬಿಲ್ಡ್ ಸರ್ವರ್‌ಗೆ ಬೇರೆ ಬೇಕೋ? ಇನ್‌ಹೆರಿಟ್ ಮಾಡಿದ ಕಂಟ್ರೋಲನ್ನು ಆ್ಯಪ್ ಭಾಗವಾಗಿ ಅಲ್ಲದೆ ಲೈಬ್ರರಿಯಾಗಿ ಬೇರೆ ಡೆವಲಪರ್‌ಗಳಿಗೆ ಹಂಚಬಹುದೋ? ಮೂರನೆಯದ್ದಕ್ಕೆ ಬಹಳ ಒಪ್ಪಂದಗಳು ಇಲ್ಲ ಅನ್ನುತ್ತವೆ.

ಓಪನ್ ಸೋರ್ಸ್‌ನಲ್ಲಿ ಎಂಐಟಿ ಲೈಸೆನ್ಸ್ ಇದ್ದರೆ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕು. ಎಲ್‌ಜಿಪಿಎಲ್ ಇದ್ದರೂ ಇನ್‌ಹೆರಿಟ್ ಮಾಡಿದ್ದಕ್ಕೇ ನಿಮ್ಮ ಕೋಡ್ ತೆರೆಯಬೇಕಾಗಿಲ್ಲ. ಆದರೆ ಬಳಕೆದಾರರು ಆ ಲೈಬ್ರರಿಯ ಬದಲಾಯಿಸಿದ ಆವೃತ್ತಿ ಹಾಕಿಕೊಳ್ಳುವಂತಿರಬೇಕು. ಜಿಪಿಎಲ್ ಬೇರೆ ಮಾತು. ಅದರ ಕ್ಲಾಸಿನಿಂದ ಇನ್‌ಹೆರಿಟ್ ಮಾಡಿ ಆ್ಯಪ್ ಹಂಚಿದರೆ ಪೂರ್ತಿ ಆ್ಯಪ್ ಜಿಪಿಎಲ್ ಅಡಿ ಬರಬೇಕಾಗುತ್ತದೆ. ಕ್ಯೂಟಿ (ಸಿ ಪ್ಲಸ್ ಪ್ಲಸ್‌ನ ಯುಐ ಲೈಬ್ರರಿ) ಬಳಸುವವರು ಇಲ್ಲಿ ಎಡವುತ್ತಾರೆ: ಮುಖ್ಯ ವಿಜೆಟ್‌ಗಳು ಎಲ್‌ಜಿಪಿಎಲ್‌ನಲ್ಲಿ ಸಿಗುತ್ತವೆ, ಕ್ಯೂಟಿ ಚಾರ್ಟ್ಸ್ ಮಾತ್ರ ಜಿಪಿಎಲ್ ಅಥವಾ ಕಮರ್ಷಿಯಲ್.

ಹಂತ 10: ಟೆಸ್ಟ್

ಲೈಸೆನ್ಸ್ ಇಲ್ಲದ ಶುದ್ಧ ವರ್ಚುವಲ್ ಮೆಷಿನ್ ಒಂದು ಬೇಕೇ ಬೇಕು. ಡೆವಲಪರ್ ಮೆಷಿನ್‌ನಲ್ಲಿ ಪಾಸ್ ಆದದ್ದಕ್ಕೆ ಬೆಲೆ ಇಲ್ಲ. ಅಲ್ಲಿ ಓಡಿಸಬೇಕಾದ ಕ್ಲಾಸ್‌ಗಳು: ಖಾಲಿ ಮಗು, ಮೊಮ್ಮಗು, ಬೇರೆ ಡಿಎಲ್‌ಎಲ್‌ನಲ್ಲಿರುವ ಮಗು, ತನ್ನದೇ ಪ್ರೊವೈಡರ್ ಹಾಕಿಕೊಂಡ ಮಗು, ಬೇಸ್‌ನ ಪ್ರತಿ ಕನ್‌ಸ್ಟ್ರಕ್ಟರ್ ಕರೆಯುವ ಒಂದೊಂದು ಮಗು. ಕೀ ಇಲ್ಲದಾಗ ಎಲ್ಲವೂ ಫೇಲ್ ಆಗಬೇಕು. ಬೇಸ್ ಕೀ ಸೇರಿಸಿದಾಗ ಇವೆಲ್ಲವೂ ಪಾಸ್ ಆಗಬೇಕು.

ಯುನಿಟ್ ಟೆಸ್ಟ್‌ಗೆ ಒಂದು ಒಳ್ಳೆಯ ದಾರಿ ಇದೆ. ಲೈಸೆನ್ಸ್‌ಕಾಂಟೆಕ್ಸ್ಟ್ ಕ್ಲಾಸನ್ನು ಇನ್‌ಹೆರಿಟ್ ಮಾಡಿ, ಯೂಸೇಜ್‌ಮೋಡ್ ಮತ್ತು ಗೆಟ್‌ಸೇವ್ಡ್‌ಲೈಸೆನ್ಸ್‌ಕೀ ಎರಡನ್ನೂ ಓವರ್‌ರೈಡ್ ಮಾಡಿ, ಅದನ್ನು ಲೈಸೆನ್ಸ್‌ಮ್ಯಾನೇಜರ್‌ನ ಕರೆಂಟ್‌ಕಾಂಟೆಕ್ಸ್ಟ್‌ಗೆ ಕೊಡಿ. ಈಗ ಕೀ ಇದೆ, ಇಲ್ಲ, ತಪ್ಪಿದೆ ಅನ್ನುವ ಮೂರನ್ನೂ ಫೈಲ್ ಇಲ್ಲದೆ ನಟಿಸಬಹುದು. ಯಾವ ಟೈಪ್‌ನ ಹೆಸರಲ್ಲಿ ಕೀ ಕೇಳಿದರು ಅನ್ನುವುದನ್ನೂ ಅಲ್ಲೇ ಬರೆದಿಟ್ಟುಕೊಂಡು ಪರೀಕ್ಷಿಸಿ. ಆರ್ಡರ್‌ಗ್ರಿಡ್ ಕಟ್ಟಿದಾಗ ಕೇಳಿದ ಹೆಸರು ಬೇಸ್‌ಗ್ರಿಡ್ ಆಗಿರಬೇಕು. ಯಾರೋ ಟೈಪ್‌ಆಫ್ ತೆಗೆದು ಗೆಟ್‌ಟೈಪ್ ಹಾಕಿದ ದಿನವೇ ಈ ಟೆಸ್ಟ್ ಕೆಂಪಾಗುತ್ತದೆ.

ಲೈಸೆನ್ಸ್‌ಮ್ಯಾನೇಜರ್ ಪ್ರತಿ ಟೈಪ್‌ನ ಪ್ರೊವೈಡರನ್ನು ಕ್ಯಾಶ್ ಮಾಡಿಕೊಳ್ಳುತ್ತದೆ. ಪ್ರೊವೈಡರ್ ಒಳಗೆ ಫೀಲ್ಡ್‌ನಲ್ಲಿ ಏನಾದರೂ ಇಟ್ಟಿದ್ದರೆ ಒಂದು ಟೆಸ್ಟ್‌ನದ್ದು ಇನ್ನೊಂದಕ್ಕೆ ಸೋರುತ್ತದೆ. ಕಾಂಟೆಕ್ಸ್ಟ್ ಕೂಡ ಎಲ್ಲರಿಗೂ ಒಂದೇ. ಆದ್ದರಿಂದ ಈ ಟೆಸ್ಟ್‌ಗಳನ್ನು ಒಟ್ಟೊಟ್ಟಿಗೆ ಓಡಿಸಬೇಡಿ, ಒಂದಾದ ಮೇಲೆ ಒಂದು ಓಡಲಿ, ಪ್ರತಿಯೊಂದೂ ಮುಗಿದಾಗ ಹಳೆಯ ಕಾಂಟೆಕ್ಸ್ಟನ್ನು ವಾಪಸ್ ಇಡಲಿ.